ಸಮಕ್ಷಮ ನೋಡಲಾಗಿದೆ

ಆರು ವರ್ಷಗಳಿಂದ ದಿನಾ ಹತ್ತಿ ಇಳಿದಿದ್ದರೂ ಪುರಸಭೆಯ ಮೆಟ್ಟಿಲು ಎಷ್ಟಿವೆಯೆಂದು ಸುಹಾಸಿನಿ ಎಂದೂ ಎಣಿಸಿರಲಿಲ್ಲ. ಇವತ್ತು ಎಣಿಸಿದಳು. ಒಂಬತ್ತಾದ ಮೇಲೆ ಒಂದು ತಿರುವು, ಅಲ್ಲಿ ಗೋಡೆಯ ಮೂಲೆಗೆ ಎಲೆಯಡಿಕೆ ಉಗುಳಿದ ಕಲೆ, ಆಮೇಲೆ ಮತ್ತೆ ಒಂಬತ್ತು. ಹದಿನೆಂಟು. ಹದಿನೇಳನೆಯದರ ಅಂಚು ಒಡೆದಿತ್ತು. ಅಲ್ಲಿ ಕಾಲಿಡುವಾಗ ಗೋಡೆ ಹಿಡಿದುಕೊಳ್ಳಬೇಕು. ತಾನು ಆರು ವರ್ಷದಿಂದ ಗೋಡೆ ಹಿಡಿಯುತ್ತ ಬಂದಿದ್ದೇನೆ ಎಂಬುದು ಕೂಡ ಅವಳಿಗೆ ಇವತ್ತೇ ತಿಳಿಯಿತು. ಊಟದ ಡಬ್ಬಿಯನ್ನು ಮೇಜಿನ ಖಾನೆಯಲ್ಲಿಟ್ಟು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಕಪಾಟಿನಿಂದ ಆ ಫೈಲನ್ನು ತೆಗೆಯಲು ಹೋಗಿ, ತೆಗೆಯದೆ ಬಂದು ಕೂತಳು. ಬೆಳಗಿನ ಹತ್ತೂವರೆಗೇ ಮಾರ್ಚಿಯ ಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ನೆಲದ ಮೇಲೆ ಬಿದ್ದಿತ್ತು. ಹೊರಗೆ ಓಣಿಯ ಮಗ್ಗಗಳು ಆಗಲೇ ಬಡಿಯಲು ಹತ್ತಿದ್ದವು. ಈ ಊರಿಗೆ ಬಂದ ಮೊದಲ ವಾರ ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ಈಗ ಕರೆಂಟು ಹೋಗಿ ಸದ್ದು ನಿಂತರೆ ಎದೆ ಹಾರುತ್ತದೆ.

ನಿನ್ನೆ ಸಂಜೆ ಆಫೀಸಿನ ಜವಾನ ಮುದಕಪ್ಪ ಕಿಟಕಿಗಳನ್ನು ಮುಚ್ಚುತ್ತ ಬಂದವನು ಅವಳ ಮೇಜಿನ ಮೇಲಿದ್ದ ಪಟ್ಟಿಯನ್ನು ಬಗ್ಗಿ ನೋಡಿದ್ದ. ವಿಜಾಪುರದಿಂದ ತಪಾಸಣೆಯ ಸಾಹೇಬರು ಬರುವವರಿದ್ದರು. ಬಸ್ ಸ್ಟ್ಯಾಂಡಿನ ಎದುರಿಗೂ ಪೇಟೆಯ ನಡುವೆಯೂ ಯಾವ ಗಾಡಿಯೂ ನಿಲ್ಲಬಾರದೆಂದು ಪುರಸಭೆಯ ಠರಾವು; ಅಂಗವಿಕಲರ ಮೂರು ಗಾಲಿ ಸೈಕಲ್ಲಿಗೆ ಮಾತ್ರ ರಿಯಾಯಿತಿ. ಅಂಥ ಏಳು ಪರವಾನಗಿಗಳಿದ್ದವು. ಏಳೂ ಜನ ಮರುದಿನ ಖುದ್ದು ಹಾಜರಾಗಬೇಕೆಂದು ಅವಳೇ ನೋಟೀಸು ಬರೆದಿದ್ದಳು. ಯಾರೋ ಮೂಗರ್ಜಿ ಹಾಕಿದ್ದರಂತೆ.

'ಇದರಾಗ ಆ ತುಕಾರಾಮನ ಹೆಸರೂ ಐತೇನ್ರಿ ಬಾಯಾರ?' ಎಂದ ಮುದಕಪ್ಪ.

'ಐತಿ. ನಾಲ್ಕನೇ ನಂಬರ. ಯಾಕ?'

'ಸತ್ತಾಂವಗ ನೋಟೀಸು ಕೊಟ್ರ ಯಾವ ಟಪಾಲಿನಾಂವ ಒಯ್ದು ಮುಟ್ಟಸ್ತಾನ್ರಿ?' ತನ್ನ ಮಾತಿಗೆ ತಾನೇ ನಕ್ಕು, ಅವಳ ಮುಖ ನೋಡಿ ನಗು ನಿಲ್ಲಿಸಿದ. 'ಹ್ವಾದ ವರ್ಷ ಸಂಕ್ರಾಂತಿ ಮುಂದ ಅವನ ಮನಿ ಮುಂದ ಹೆಣ ಕುಂದ್ರಿಸಿದ್ರು. ನಾ ಹಾದಿ ಹಿಡಿದು ಹೊಂಟಾಂವ ಕಣ್ಣಾರೆ ನೋಡೀನಿ. ಆವತ್ತಿನಿಂದ ಬೇವಿನ ಗಿಡದ ಕೆಳಗ ಅಂವ ಕುಂತದ್ದು ಯಾರರೆ ನೋಡ್ಯಾರೇನು ಕೇಳ್ರಿ. ಗಾಡಿ ಇರ್ತೈತಿ, ಅವನ ಹೆಂಡ್ತಿ ತಾರವ್ವ ಇರ್ತಾಳ. ಅಂವ ಎಲ್ಲದಾನ?'

ಸಂಕ್ರಾಂತಿ ಎಂದರೆ ಜನವರಿ. ಅವಳು ತುಕಾರಾಮನ ಪರವಾನಗಿಯನ್ನು ನವೀಕರಿಸಿದ್ದು ಆಮೇಲಿನ ಮಾರ್ಚಿ ಇಪ್ಪತ್ತೆಂಟಕ್ಕೆ. ಫೈಲು ನೋಡುವ ಅಗತ್ಯವಿರಲಿಲ್ಲ. ತನ್ನ ಅಕ್ಷರ, ಕೆಳಗೆ ತನ್ನ ಸಹಿ, ಎರಡೂ ಕಣ್ಣಿಗೆ ಕಟ್ಟಿದ್ದವು: 'ಪರವಾನಗಿದಾರನನ್ನು ಸಮಕ್ಷಮ ನೋಡಲಾಗಿದೆ.'

ಬಸ್ಸಿನಲ್ಲಿ ಜಮಖಂಡಿಗೆ ಹೋಗುವಾಗಲೂ, ಮನೆಯಲ್ಲಿ ತಾಯಿ ರಾಧಾಬಾಯಿ ತಟ್ಟೆಗೆ ಭಕ್ಕರಿ ಹಾಕುವಾಗಲೂ, ಮತ್ತೆ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಕಬ್ಬಿನ ಲಾರಿಗಳ ಹಿಂದೆ ತೆವಳುತ್ತ ಬರುವಾಗಲೂ ಅವಳು ಒಂದೇ ಪ್ರಶ್ನೆಯನ್ನು ತಿರುವಿ ಹಾಕುತ್ತಿದ್ದಳು: ಹೋದ ವರ್ಷ ನಾನು ಯಾರನ್ನು ನೋಡಿದೆ? ಯಾರನ್ನಾದರೂ ಕೇಳಬಹುದಿತ್ತು. ಆದರೆ ಕೇಳುವುದೆಂದರೆ ತನಗೆ ಗೊತ್ತಿಲ್ಲವೆಂದು ಒಪ್ಪಿದಂತೆ. ನೋಡಿದೆನೆಂದು ಬರೆದವಳಿಗೆ ಗೊತ್ತಿರಬೇಕಲ್ಲ. ಬೆಳಿಗ್ಗೆ ಬಸ್ಸಿನಿಂದ ಇಳಿದು, ಎಂದೂ ಅತ್ತ ಮುಖ ತಿರುಗಿಸದವಳು, ಬೇವಿನ ಗಿಡದ ಕಡೆ ನೋಡಿದಳು. ಗಾಡಿ ಇರಲಿಲ್ಲ. ಗಾಡಿ ನಿಲ್ಲುವ ಜಾಗದಲ್ಲಿ ಸೀಮೆಎಣ್ಣೆಯ ಕಪ್ಪು ಕಲೆ, ನಾಲ್ಕಾರು ತುಕ್ಕು ಹಿಡಿದ ಮೊಳೆ. ತುಕಾರಾಮ ಅಲ್ಲಿ ಸ್ಟೋವ್, ಕೀಲಿ ದುರಸ್ತಿ ಮಾಡುತ್ತಿದ್ದ. ಮಾಡುತ್ತಿದ್ದ ಎನ್ನಬೇಕೋ, ಮಾಡುತ್ತಾನೆ ಎನ್ನಬೇಕೋ. ಪಕ್ಕದ ಚಹಾದಂಗಡಿಯವನು ಆಗಲೇ ತನ್ನ ಬೆಂಚನ್ನು ಆ ಕಲೆಯ ತನಕ ಸರಿಸಿದ್ದ.

ನಿಯಮಗಳು ಒಂಬತ್ತಿದ್ದವು, ಸೈಕ್ಲೋಸ್ಟೈಲ್ ಮಾಡಿದ ಹಾಳೆ, ಮಸಿ ಹರಡಿ ಅಕ್ಷರಗಳ ಹೊಟ್ಟೆ ತುಂಬಿಹೋಗಿದ್ದವು. ಗಾಡಿಯ ಜೊತೆ ಪರವಾನಗಿದಾರನು ಖುದ್ದು ಇರತಕ್ಕದ್ದು. ಹಳದಿ ತಗಡಿನ ನಂಬರು ಪಟ್ಟಿಯನ್ನು ಬೇರೆಯವರಿಗೆ ಕೊಡತಕ್ಕದ್ದಲ್ಲ. ಪ್ರತಿವರ್ಷ ನವೀಕರಣಕ್ಕೆ, ಅಂಗವಿಕಲತೆ ಮುಂದುವರಿದಿದೆ ಎಂದು ಸರಕಾರಿ ವೈದ್ಯರು ಬರೆದ ದಾಖಲೆ ತರತಕ್ಕದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಮನೆಯಲ್ಲಿ ಹೇಳಿದಾಗ ತಾಯಿ, 'ಅಯ್ಯ, ಕಾಲೇನು ಗಿಡದ ಟೊಂಗಿ ಏನ, ವರ್ಷಕ್ಕೊಮ್ಮೆ ಚಿಗಿಲಿಕ್ಕೆ' ಎಂದಿದ್ದಳು, ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಆಮೇಲೆ ಆರನೆಯ ನಿಯಮ: ಅಧಿಕೃತ ಸಿಬ್ಬಂದಿಯು ಪರವಾನಗಿದಾರನನ್ನು ಸಮಕ್ಷಮ ನೋಡಿ ಷರಾ ಬರೆಯತಕ್ಕದ್ದು. ಅಧಿಕೃತ ಸಿಬ್ಬಂದಿ ಎಂದರೆ ಅವಳು. ನಡೆಯಲಾರದವರನ್ನು ನೋಡಿ ಬರೆಯುವ ಮೇಜು ಮಹಡಿಯ ಮೇಲಿತ್ತು. ಇದನ್ನು ಯಾರೂ ಗೊತ್ತು ಮಾಡಿರಲಿಲ್ಲ. ಕೆಳಗಿನ ಕೋಣೆಯಲ್ಲಿ ನೀರಿನ ಪೈಪು, ಬ್ಲೀಚಿಂಗ್ ಪೌಡರಿನ ಚೀಲ ತುಂಬಿದ್ದವು, ಅಷ್ಟೇ.

ಅವಳ ಮೊದಲನೆಯ ಮಾರ್ಚಿಯಲ್ಲಿ ತುಕಾರಾಮ ಹತ್ತಿ ಬಂದಿದ್ದ. ಹುಟ್ಟಿ ಎರಡು ವರ್ಷಕ್ಕೇ ಜ್ವರ ಬಂದು ಕಾಲುಗಳೆರಡೂ ಒಣಗಿದ್ದವಂತೆ. ಅಂಗೈಯಲ್ಲಿ, ತಳಕ್ಕೆ ಟಾಯರಿನ ತುಂಡು ಬಡಿದ ಎರಡು ಕಟ್ಟಿಗೆಯ ಹಿಡಿಕೆ. ಅವನ್ನು ಮೆಟ್ಟಿಲಿಗೆ ಊರಿ, ಮೈಯೆತ್ತಿ, ಮೇಲಿನ ಮೆಟ್ಟಿಲಿಗೆ ಇಡುವುದು. ಟಕ್, ಆಮೇಲೆ ಒಂದು ಉಸಿರು, ಆಮೇಲೆ ಟಕ್. ಅವನು ಮೇಜಿನ ಬಳಿ ಬಂದಾಗ ಮುಖ ಅವಳ ಮೊಣಕಾಲಿನ ಮಟ್ಟಕ್ಕಿತ್ತು. ಬೆವರಿನ ವಾಸನೆ ಬಂತು, ಸೀಮೆಎಣ್ಣೆಯದೂ. ಅವಳು ಸೀರೆಯ ನೆರಿಗೆಯನ್ನು ತನ್ನ ಕಡೆ ಎಳೆದುಕೊಂಡಳು. ಬರೀ ನಾಲ್ಕು ಬೆರಳಿನಷ್ಟು. ಬೇರೆ ಯಾರಿಗೂ ಕಾಣುವಂಥದ್ದಲ್ಲ. ಆದರೆ ಅವನ ಕಣ್ಣು ಇದ್ದದ್ದೇ ಆ ಮಟ್ಟದಲ್ಲಿ. ಅವನು ನೆರಿಗೆಯನ್ನು ನೋಡಿದ, ಆಮೇಲೆ ಅವಳ ಮುಖವನ್ನು ನೋಡಿದ, ಆಮೇಲೆ ಹಿಂದಕ್ಕೆ ಒಂದು ಗೇಣು ಸರಿದು ಕೂತು, 'ಬರಕೊಳ್ರಿ ಬಾಯಾರ' ಎಂದ. ಮರುವರ್ಷ ತಾರವ್ವ ಕಾಗದ ಹಿಡಿದು ಮೇಲೆ ಬಂದಾಗ ಸುಹಾಸಿನಿಯೇ ಅವಸರದಿಂದ ಹೇಳಿದ್ದಳು: 'ಅವರಿಗೆ ಮ್ಯಾಲೆ ಬರೂದು ಬ್ಯಾಡನ್ನು, ಪಾಪ. ನಾ ಕಿಡಕ್ಯಾಗಿಂದ ನೋಡ್ತೀನಿ.' ತಾರವ್ವ ಕೈ ಮುಗಿದು, 'ನಿಮ್ಮ ಹೊಟ್ಟಿ ತಣ್ಣಗಿರಲಿ' ಎಂದಿದ್ದಳು. ಆಫೀಸಿನಲ್ಲಿ ಎಲ್ಲರೂ ಅದನ್ನು ಕರುಣೆಯೆಂದೇ ತಿಳಿದರು. ಜನನ ಮರಣ ವಿಭಾಗದ ದಶರಥ ಕೂಡ, ಯಾರನ್ನೂ ಹೊಗಳದವನು, 'ನಿಮ್ಮಂಥಾವರು ಇರಬೇಕ್ರಿ' ಎಂದ. ಹೊಗಳಿಕೆಯನ್ನು ಅವಳು ಮನೆಗೆ ಒಯ್ದು ತಾಯಿಗೂ ಕೊಟ್ಟಳು. ಅಂದಿನಿಂದ ಅದೇ ಪದ್ಧತಿ: ತಾರವ್ವ ಬಂದು 'ಕೆಳಗ ಕುಂತಾರ್ರಿ' ಎನ್ನುವುದು, ಅವಳು ಎದ್ದು ನಾಲ್ಕು ಹೆಜ್ಜೆ ನಡೆದು ಕಿಟಕಿಯಲ್ಲಿ ನಿಲ್ಲುವುದು, ಕೆಳಗಿನಿಂದ ಒಂದು ಕೈ ಮೇಲೇಳುವುದು, ಅವಳು ತಲೆ ಆಡಿಸುವುದು.

ಆದರೆ ಹೋದ ವರ್ಷ? ಗಾಡಿ ಇತ್ತು. ಗಾಡಿಗೆ ಕಟ್ಟಿದ ಹಳೆಯ ಕೊಡೆ ಇತ್ತು, ಅದರ ಕೆಳಗೆ ಬಿಳಿಯದೇನೋ, ಟಾವೆಲ್ಲೋ, ತಲೆಯೋ. ಕೈ ಮೇಲೆದ್ದಿತ್ತು. ಮೇಲೆದ್ದಿತ್ತೇ? ಅದು ಹೋದ ವರ್ಷದ ಕೈಯೋ ಅದರ ಹಿಂದಿನ ವರ್ಷದ ಕೈಯೋ? ಅವಳು ನೆನಪನ್ನು ಎಷ್ಟು ಜಗ್ಗಿದಳೆಂದರೆ ಈಗ ಎಲ್ಲ ವರ್ಷಗಳಿಂದಲೂ ಕೈಗಳು ಏಳತೊಡಗಿದವು. ವರ್ಷದ ಕೊನೆಯ ವಾರ, ಟಪಾಲು ತುಂಬಿತ್ತು, ಅವಳು ಕಿಟಕಿಯ ತನಕ ಹೋಗಿದ್ದಳೇ ಅಥವಾ ಕುರ್ಚಿಯಿಂದ ಅರ್ಧ ಎದ್ದು ಕೂತಳೇ? ಕೊಡೆಯ ಕೆಳಗೆ ನೂಲಿನ ಮೂಟೆಗೆ ಟಾವೆಲ್ಲು ಸುತ್ತಿ ಇಟ್ಟಿದ್ದರೂ ತಾನು ತಲೆ ಆಡಿಸುತ್ತಿದ್ದೆ ಎಂದುಕೊಂಡಳು. ಹೆಣವನ್ನು ನೋಡಿ ಬದುಕಿದ್ದಾನೆಂದು ಬರೆದವಳು. ಹೆಣವನ್ನೂ ನೋಡದೆ. ಅಮಾನತು ಎಂಬ ಶಬ್ದ ಅವಳಿಗೆ ಯಾವಾಗಲೂ ಬಿಳಿ ಹಾಳೆಯ ಹಾಗೆ ಕಾಣುತ್ತಿತ್ತು, ಅದರ ಮೇಲೆ ತಾಯಿಯ ಕನ್ನಡಕ. ಅಪ್ಪ ಇದೇ ಪುರಸಭೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು ಸತ್ತಮೇಲೆ ಬಂದ ನೌಕರಿ ಇದು. ಅನುಕಂಪದ ನೌಕರಿ ಎಂದು ಆದೇಶದಲ್ಲೇ ಬರೆದಿತ್ತು. ಕೊಟ್ಟವರಿಗೆ ತಿರುಗಿ ಕಸಿದುಕೊಳ್ಳಲು ಎಷ್ಟು ಹೊತ್ತು?

ಎದುರಿನ ಮೇಜಿನಲ್ಲಿ ದಶರಥ ಇದ್ದ, ಅವನ ಹಿಂದಿನ ಕಪಾಟಿನಲ್ಲಿ ಊರಿನ ಸಾವುಗಳೆಲ್ಲ ಇದ್ದವು. ಹನ್ನೊಂದೂಕಾಲಿಗೆ ಅವಳು ಎದ್ದು ಹೋದಳು.

'ಹೋದ ವರ್ಷದ ಮರಣದ ರಜಿಸ್ಟರ ಸ್ವಲ್ಪ ಕೊಡ್ರಿ.'

'ಯಾರ ಸಾವು ಬೇಕ್ರಿ ಬಾಯಾರ?' ದಶರಥ ತಲೆಯೆತ್ತದೆ ಕೇಳಿದ. 'ಹೆಸರು ಹೇಳ್ರಿ, ನಾನ ತಗದು ಕೊಡ್ತೀನಿ.'

'ಯಾರದೂ ಇಲ್ಲ. ಹಿಂಗ, ಒಂದು ಅಂಕಿ ಸಂಖ್ಯೆ ಬೇಕಿತ್ತು.'

'ಸಾಹೇಬ್ರು ಬರೂ ದಿನಾನ ಅಂಕಿ ಸಂಖ್ಯೆ ನೆನಪಾತೇನ್ರಿ?' ನಕ್ಕು, ಕೆಂಪು ಬಟ್ಟೆಯ ರಟ್ಟಿನ ಪುಸ್ತಕವನ್ನು ಮೇಜಿನ ಮೇಲೆ ಒಗೆದ. ಧೂಳು ಎದ್ದಿತು. 'ನೋಡ್ರಿ. ಆದ್ರ ಎಲ್ಲಾರೂ ಬರಸೂದಿಲ್ಲ ಮತ್ತ. ಪಿಂಚಣಿ, ಪರವಾನಗಿ ಹಿಂಗೇನರೆ ಇದ್ದವರ ಮನ್ಯಾಗಂತೂ ಮಂದಿ ಸಾಯೂದ ಇಲ್ಲ.'

ಅವನು ಸುಮ್ಮನೆ ಅಂದದ್ದೋ, ತಿಳಿದೇ ಅಂದದ್ದೋ? ಅವಳು ಪುಸ್ತಕದ ಮೇಲೆ ಕೈಯಿಟ್ಟಳು. ರಟ್ಟು ಬೆಚ್ಚಗಿತ್ತು, ಬಿಸಿಲಿಗೆ. ಜನವರಿಯ ಪುಟ ತೆಗೆಯಬೇಕು. ಹೆಸರು ಸಿಕ್ಕರೆ ಮುಗಿಯಿತು. ಸಿಗದಿದ್ದರೆ ಏನೂ ಮುಗಿಯುವುದಿಲ್ಲ. ಹೆಬ್ಬೆರಳು ಹಾಳೆಗಳ ಅಂಚಿನ ಮೇಲಿರುವಾಗಲೇ ಕೆಳಗೆ ಜೀಪು ನಿಂತ ಸದ್ದಾಯಿತು, ಮುದಕಪ್ಪ ಟೋಪಿ ಸರಿಮಾಡಿಕೊಳ್ಳುತ್ತ ಓಡಿದ. ಅವಳು ಪುಸ್ತಕವನ್ನು ಹಾಗೇ ಹಿಂದಕ್ಕೆ ನೂಕಿದಳು.

ಸಾಹೇಬರು ಅವಳು ಹೆದರಿದ್ದ ಹಾಗೆ ಇರಲಿಲ್ಲ. ಅರವತ್ತರ ಹತ್ತಿರದ ಸಣಕಲು ಮನುಷ್ಯ, ಕೈಯಲ್ಲಿ ಹಳೆಯ ಚೀಲ, ಮೆಟ್ಟಿಲು ಹತ್ತಿದ ದಣಿವಿಗೆ ಬಾಯಿ ತೆರೆದು ಉಸಿರಾಡುತ್ತ ಬಂದು ಕೂತರು. ನೀರು ಕೇಳಿ ಕುಡಿದರು. 'ಮೆಟ್ಟಲಾ ಭಾಳ ಎತ್ತರ ಅದಾವ್ರಿ' ಎಂದು ಅವಳ ಕಡೆ ನೋಡಿ ನಕ್ಕರು. ಅವಳೂ ನಕ್ಕಳು, ತುಟಿ ಒಣಗಿ ಹಲ್ಲಿಗೆ ಅಂಟಿತು. ಒಂದೊಂದೇ ಫೈಲು ತೆರೆದರು. ಮೂವರನ್ನು ಮನೆಯವರು ಬೆನ್ನ ಮೇಲೆ ಹೊತ್ತು ತಂದಿದ್ದರು, ಒಬ್ಬ ಕೋಲೂರಿ ಬಂದಿದ್ದ. ಇನ್ನಿಬ್ಬರು ಮಿರಜಿನ ಆಸ್ಪತ್ರೆಗೆ ಹೋಗಿದ್ದಾರೆಂದು ಚೀಟಿ ಬಂದಿತ್ತು. ಸಾಹೇಬರು ಪ್ರತಿಯೊಬ್ಬರಿಗೂ ಊಟವಾಯಿತೇ ಎಂದು ಕೇಳಿದರು. ಆ ಮರ್ಯಾದೆಯಿಂದ ಅವಳ ಭಯ ಕಡಿಮೆಯಾಗಬೇಕಿತ್ತು, ಹೆಚ್ಚಿತು. ಗದರಿಸುವವರ ಮುಂದೆ ಸುಳ್ಳು ಹೇಳಿದರೆ ಅದು ಅಷ್ಟು ಸುಳ್ಳಲ್ಲ.

ನಾಲ್ಕನೆಯ ಫೈಲು ಕೊನೆಗೆ ಬಂತು. ಸಾಹೇಬರು ತಮ್ಮ ಚೀಲದಿಂದ ಮೂಗರ್ಜಿಯನ್ನು ತೆಗೆದು ಗುಂಡುಸೂಜಿಯಿಂದ ಅದರ ಮೇಲೆ ಚುಚ್ಚಿದರು.

'ಈ ತುಕಾರಾಮ ತೀರಿಕೊಂಡಾನ ಅಂತ ಬರದಾರಲ್ರಿ ಇದರಾಗ.' ಸಾಹೇಬರು ಕನ್ನಡಕ ಮೇಲೆತ್ತಿದರು. 'ಹೋದ ವರ್ಷ ನೀವು ಈತನ್ನ ನೋಡೀರೇನ್ರಿ?'

'ನೋಡೀನ್ರಿ ಸರ್.'

'ಎಲ್ಲೆ ನೋಡಿದ್ರಿ?'

ಯಾವ ಉತ್ತರಕ್ಕೆ ತಯಾರಿ ಮಾಡಿದ್ದಳೋ ಅದೆಲ್ಲ ಎಲ್ಲೋ ಹೋಯಿತು. 'ಇಲ್ಲೇ' ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. 'ಇಲ್ಲೇ, ಮೇಜಿನ ಮುಂದ. ಮ್ಯಾಲೆ ಬಂದಿದ್ರು.'

ದಶರಥನ ಲೆಕ್ಕಣಿಕೆ ಒಂದು ಕ್ಷಣ ನಿಂತು ಮತ್ತೆ ಸಾಗಿತು. ಅವನಿಗೆ ಗೊತ್ತಿತ್ತು. ಮುದಕಪ್ಪನಿಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತು ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬರಿಗಾಲಿನ ಸಪ್ಪಳ. ತಾರವ್ವ. ಕಾಗದದ ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಸಾಹೇಬರಿಗೆ ನಮಸ್ಕಾರ ಮಾಡಿ, ಆದರೆ ಸುಹಾಸಿನಿಯ ಕಡೆಗೇ ನೋಡುತ್ತ, ಪ್ರತಿವರ್ಷದ ಹಾಗೆ ಹೇಳಿದಳು:

'ಕೆಳಗ ಕುಂತಾರ್ರಿ.'

ಬದುಕಿದ್ದಾನೆ. ಸುಹಾಸಿನಿಯ ಕಿವಿಯಲ್ಲಿ ಮಗ್ಗಗಳೆಲ್ಲ ಒಮ್ಮೆಗೇ ನಿಂತು ಮತ್ತೆ ಶುರುವಾದವು. ಬದುಕಿದ್ದಾನೆ, ಹಾಗಾದರೆ ಕೈ ಎದ್ದದ್ದು ಖರೆ, ನಾನು ನೋಡಿದ್ದು ಖರೆ. ಅಳು ಬರುವಷ್ಟು ಹಗುರಾಯಿತು. ಆ ಹಗುರು ಎಷ್ಟು ಹೊತ್ತು ಇತ್ತು? ಸಾಹೇಬರು ಮೇಜಿನ ಅಂಚು ಹಿಡಿದು ಏಳುವಷ್ಟು ಹೊತ್ತು.

'ಕಾಲಿಲ್ಲದಾಂವನ್ನ ಯಾಕ ಹತ್ತಸ್ತೀರಿ' ಎಂದರು ಸಾಹೇಬರು. 'ನಾನ ಇಳದು ಬರ್ತೀನಿ. ನಡಿಯವ್ವಾ, ಎಲ್ಲದಾನ ತೋರಸು.'

ಅವರು ಇಳಿದು ಹೋಗುತ್ತಾರೆ. ಗಾಡಿಯ ಹತ್ತಿರ ನಿಂತು, ಊಟ ಆತೇನಪ್ಪ ಎಂದು ಕೇಳುತ್ತಾರೆ. ಆಮೇಲೆ, ಹೋದ ವರ್ಷ ಮೇಲೆ ಬಂದಿದ್ದೆಯಂತಲ್ಲ ಎನ್ನುತ್ತಾರೆ. ತುಕಾರಾಮ ನಿಷ್ಪಾಪಿಯಂತೆ ಹೇಳುತ್ತಾನೆ: ಇಲ್ಲರಿ, ಬಾಯಾರು ಭಾಳ ಛಲೋ ಮಂದಿ, ಕಿಡಕ್ಯಾಗಿಂದ ನೋಡ್ತಾರ್ರಿ. ಹೊಗಳಿಕೆಯ ಹಾಗೇ ಹೇಳುತ್ತಾನೆ. ಅದೆಲ್ಲ ಅವಳಿಗೆ ಕೇಳಿಯೇ ಬಿಟ್ಟಿತು, ಆಗಿಯೇ ಹೋದ ಹಾಗೆ. ಸಾಹೇಬರು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದರು.

'ಬ್ಯಾಡ್ರಿ ಸರ್.' ತನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ಅವಳೇ ಬೆಚ್ಚಿದಳು. 'ನಿಮಗ್ಯಾಕ ತ್ರಾಸು. ಅವರು ಪ್ರತಿ ವರ್ಷ ಮ್ಯಾಲೆ ಬರ್ತಾರ್ರಿ. ರೂಢಿ ಐತಿ ಅವರಿಗೆ.'

ತಾರವ್ವ ಅವಳನ್ನು ನೋಡಿದಳು. ಆಶ್ಚರ್ಯವಿರಲಿಲ್ಲ ಆ ನೋಟದಲ್ಲಿ, ಸಿಟ್ಟೂ ಇರಲಿಲ್ಲ. ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ಬಡಿದು, ಸದ್ದು ಕೇಳಿ, ಕೆಳಗಿಡುವವರ ಹಾಗೆ ನೋಡಿದಳು.

'ಬಾಯಾರ' ಎಂದಳು ಮೆಲ್ಲಗೆ, 'ಈಗ ಎತ್ತಾವರು ಯಾರೂ ಇಲ್ಲರಿ.'

'ನಿಯಮ ಐತಿ ತಾರವ್ವ.'

ಸಾಹೇಬರು ಅನುಮಾನದಿಂದ ನಿಂತರು, ಮೊಣಕಾಲು ನೀವಿಕೊಂಡರು, 'ರೂಢಿ ಇದ್ರ ಆತು' ಎಂದು ಬಂದು ಕೂತರು. ತಾರವ್ವ ತಿರುಗಿ ಇಳಿದು ಹೋದಳು.

ಟಕ್. ಮೊದಲು ಬಹಳ ಕೆಳಗಿನಿಂದ. ಆಮೇಲೆ ಏನೂ ಇಲ್ಲ. ಸಾಹೇಬರು ಚಹಾ ಕುಡಿಯುತ್ತ ದಶರಥನಿಗೆ ಬೀಳಗಿಯಲ್ಲಿ ತಾವಿದ್ದಾಗಿನ ಹಿರೇಹೊಳೆಯ ಮಹಾಪೂರದ ಮಾತು ಹೇಳುತ್ತಿದ್ದರು. ಟಕ್. ಅವಳು ಎಣಿಸತೊಡಗಿದಳು, ಎಣಿಸಬಾರದೆಂದುಕೊಂಡು ನಿಯಮಗಳ ಹಾಳೆಯನ್ನು ಓದತೊಡಗಿದಳು, ಓದುತ್ತಲೇ ಎಣಿಸಿದಳು. ಐದರ ಹತ್ತಿರ ಒಂದು ಕೆಮ್ಮು. ಒಂಬತ್ತಕ್ಕೆ ತಿರುವು, ಅಲ್ಲಿ ಬಹಳ ಹೊತ್ತು ಸದ್ದೇ ಇಲ್ಲ. ತಾರವ್ವನ ಧ್ವನಿ, 'ಸ್ವಲ್ಪ ಕುಂದರ್ರಿ'. ಅವನು ಏನೋ ಅಂದ, ಇಬ್ಬರೂ ಸಣ್ಣಗೆ ನಕ್ಕ ಹಾಗಾಯಿತು. ಆ ನಗು ಅವಳಿಗೆ ಎಲ್ಲಕ್ಕಿಂತ ಹೆಚ್ಚಿನ ಭಯ ಹುಟ್ಟಿಸಿತು. ಹದಿನೇಳನೆಯ ಮೆಟ್ಟಿಲ ಅಂಚು ಒಡೆದಿದೆ ಎಂದು ಹೇಳಬೇಕು. ಎದ್ದು ಹೋಗಿ, ಗೋಡೆಯ ಕಡೆಯಿಂದ ಬನ್ನಿ ಎನ್ನಬೇಕು. ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿದಳು, ತೆಗೆದು ಹಾಕಿದಳು. ಹದಿನೇಳಕ್ಕೆ ಕಟ್ಟಿಗೆ ಜಾರಿದ ಸದ್ದು, ಮೈ ಗೋಡೆಗೆ ಬಡಿದ ಸದ್ದು. ಮುದಕಪ್ಪ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಹೋಗಿ, ಅವಳ ಕಡೆ ನೋಡಿ, ನಿಂತ. ಆಮೇಲೆ ಟಕ್.

ಅವನು ಒಳಗೆ ಬಂದ. ಬಂದನೆಂದು ಅವಳಿಗೆ ಗೊತ್ತಾದದ್ದು ಸೀಮೆಎಣ್ಣೆಯ ವಾಸನೆಯಿಂದ. ಅವಳ ಕಣ್ಣು ಫೈಲಿನ ಮೇಲಿತ್ತು.

'ಊಟ ಆತೇನಪಾ ತುಕಾರಾಮ?' ಎಂದರು ಸಾಹೇಬರು.

ಉಸಿರು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. 'ಆತ್ರಿ.'

'ನೀ ಸತ್ತೀ ಅಂತ ಅರ್ಜಿ ಬಂದೈತಲ್ಲೋ.'

'ಸತ್ತಾಂವ ನಮ್ಮಣ್ಣ ಗುರಪ್ಪರಿ. ಹೋದ ವರ್ಷ ಸಂಕ್ರಾಂತಿ ಮುಂದ. ನನ್ನ ಎತ್ತಿ ಗಾಡ್ಯಾಗ ಕುಂದ್ರಸಾಂವ ಅವನ ಇದ್ದ. ಇಕಿ ಒಬ್ಬಾಕಿಗೆ ದಿನಾ ಎತ್ತಾಕ ಆಗೂದಿಲ್ಲರಿ. ಅದಕ್ಕ ಇಕಿ ಗಾಡಿ ಕೂಡ ಕುಂತು ಕೆಲಸ ಇಸಗೊಂಡು ಬರ್ತಾಳ, ನಾ ಮನ್ಯಾಗ ಮಾಡಿ ಕೊಡ್ತೀನಿ. ತಪ್ಪಂದ್ರ ತಪ್ಪರಿ.' ಉಸಿರೆಳೆದುಕೊಂಡ. 'ಜಾಗಾ ಮಾತ್ರ ಕಸಗೋಬ್ಯಾಡ್ರಿ ಸಾಹೇಬ್ರ. ಗಿರಾಕಿಗಿ ಆ ಗಿಡಾನ ಗುರ್ತು.'

'ಇರ್ಲಿ, ಇರ್ಲಿ.' ಸಾಹೇಬರು ಮೂಗರ್ಜಿಯ ಗುಂಡುಸೂಜಿ ಬಿಚ್ಚಿದರು. 'ಒಂದು ಮಾತು ಹೇಳು. ಹೋದ ವರ್ಷ ನವೀಕರಣಕ್ಕ ನೀನ ಬಂದಿದ್ದಿ? ಹಿಂಗ, ಮ್ಯಾಲೆ?'

ಸುಹಾಸಿನಿ ತನ್ನ ಸೀರೆಯ ನೆರಿಗೆಯನ್ನು ನೋಡಿದಳು. ಅದು ನೆಲದ ಮೇಲೆ, ಅವನ ಕೈಯ ಕಟ್ಟಿಗೆಯಿಂದ ನಾಲ್ಕು ಬೆರಳು ದೂರದಲ್ಲಿ, ಹರಡಿ ಬಿದ್ದಿತ್ತು. ಕಟ್ಟಿಗೆಯ ಅಂಚಿನಲ್ಲಿ ಹಿಡಿದ ಬೆರಳಿನ ಗೆಣ್ಣು ತರಚಿ ಕೆಂಪಾಗಿತ್ತು. ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳದೆ ಇರುವುದಕ್ಕೂ ಈಗ ಅರ್ಥವಿರಲಿಲ್ಲ.

'ಹೌದ್ರಿ' ಎಂದ ತುಕಾರಾಮ. 'ಬಂದಿದ್ದೆ. ಪ್ರತಿ ವರ್ಷ ಬರ್ತೀನ್ರಿ. ಬಾಯಾರು ನೋಡ್ತಾರ್ರಿ.'

ಮುದಕಪ್ಪ ಗಂಟಲು ಸರಿಪಡಿಸಿಕೊಂಡ. ದಶರಥ ಹಾಳೆ ತಿರುವಿದ. ಸಾಹೇಬರು ಬಹಳ ಸಮಾಧಾನದಿಂದ, ದುಂಡಗಿನ ಅಕ್ಷರದಲ್ಲಿ ಫೈಲಿನ ಕೊನೆಯ ಹಾಳೆಯ ಮೇಲೆ ಬರೆದು, ಅವಳ ಕಡೆ ತಿರುಗಿಸಿದರು: 'ಅರ್ಜಿಯಲ್ಲಿ ಹುರುಳಿಲ್ಲ. ಪರವಾನಗಿದಾರನನ್ನು ಮೇಜಿನ ಎದುರು ಕರೆಸಿ ನೋಡುವ ಇಲ್ಲಿನ ಪದ್ಧತಿ ಸಮರ್ಪಕವಾಗಿದೆ. ಪ್ರತಿವರ್ಷವೂ ಇದನ್ನೇ ಅನುಸರಿಸತಕ್ಕದ್ದು.'

'ಛಲೋ ಕೆಲಸ ಮಾಡೀರಿ' ಎಂದರು. 'ಈಗ ಈ ವರ್ಷದ್ದೂ ಬರದ ಬಿಡ್ರಿ. ಮತ್ತ ಅವನ್ನ ಯಾಕ ಕರಸ್ತೀರಿ.'

ಅವಳು ತಾರೀಖು ಹಾಕಿದಳು. ಪರವಾನಗಿದಾರನನ್ನು ಸಮಕ್ಷಮ, ಎಂದು ಬರೆದಳು. ಒಮ್ಮೆ ತಲೆಯೆತ್ತಿದರೆ ಸಾಕಿತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದಾನೆಂದು ಕೆನ್ನೆಗೆ ತಿಳಿಯುತ್ತಿತ್ತು, ಒಲೆಯ ಕಡೆಗಿರುವ ಕೆನ್ನೆಗೆ ತಿಳಿಯುವ ಹಾಗೆ. ನೋಡಲಾಗಿದೆ, ಎಂದು ಬರೆದು, ಸಹಿ ಮಾಡಿ, ಶಿಕ್ಕೆ ಒತ್ತಿದಳು.

'ಬರ್ತೀನ್ರಿ ಬಾಯಾರ' ಎಂದ ತುಕಾರಾಮ. 'ಮುಂದಿನ ವರ್ಷ.'

ಸಾಹೇಬರು ಹೋದರು, ಅವರ ಹಿಂದೆ ಚೀಲ ಹಿಡಿದು ಮುದಕಪ್ಪ ಹೋದ. ಇಳಿಯುತ್ತಿರುವವನನ್ನು ದಾಟಿಕೊಂಡೇ ಹೋಗಿರಬೇಕು. ಜೀಪು ಹೋಯಿತು. ದಶರಥ ಮರಣದ ರಜಿಸ್ಟರನ್ನು ಕಪಾಟಿಗೆ ಹಾಕಿ ಊಟದ ಡಬ್ಬಿ ತೆಗೆದ. ಅವಳು ಕೂತಲ್ಲೇ ಕೇಳುತ್ತಿದ್ದಳು. ಇಳಿಯುವುದು ಹತ್ತುವುದಕ್ಕಿಂತ ನಿಧಾನವಿತ್ತು. ಟಕ್. ಹದಿನೇಳು ದಾಟಿತು. ಹದಿಮೂರು. ತಿರುವಿನ ಕೆಳಗೆ ಹೋದಮೇಲೆ ಆ ಸದ್ದು ಓಣಿಯ ಮಗ್ಗಗಳ ಬಡಿತದಲ್ಲಿ ಸೇರಿಹೋಯಿತು. ಯಾವುದು ಕಟ್ಟಿಗೆಯದು, ಯಾವುದು ಮಗ್ಗದ್ದು ತಿಳಿಯದಾಯಿತು. ಕೆಳಗೆ ಮುಟ್ಟಿದನೋ, ಇನ್ನೂ ಇಳಿಯುತ್ತಿದ್ದಾನೋ, ನಡುವೆ ಎಲ್ಲೋ ಕೂತುಬಿಟ್ಟಿದ್ದಾನೋ. ಊರೆಲ್ಲ ಮೆಟ್ಟಿಲು ಇಳಿಯುತ್ತಿರುವ ಹಾಗೆ ಬಡಿಯುತ್ತಲೇ ಇತ್ತು. ಕಿಟಕಿ ನಾಲ್ಕು ಹೆಜ್ಜೆ ದೂರವಿತ್ತು. ಅವಳು ಏಳಲಿಲ್ಲ.